ಅಪ್ಪನ ಕವರಿನಲ್ಲಿದ್ದ ‘ಎರರ್’ ಸ್ಟ್ಯಾಂಪುಗಳು

ಪ್ರಶ್ನೆ: ನಮ್ಮ ತಂದೆ ಐವತ್ತು ವರ್ಷ ಅಂಚೆಚೀಟಿ ಕೂಡಿಸಿದವರು. ಅವರು ತೀರಿಕೊಂಡ ಮೇಲೆ ಈಗಷ್ಟೇ ಆಲ್ಬಮ್‌ಗಳನ್ನು ಬಿಚ್ಚಿ ನೋಡುತ್ತಿದ್ದೇನೆ. ಒಂದು ಕವರಿನ ಮೇಲೆ ‘ಎರರ್’ ಅಂತ ಬರೆದು ಕೆಲವನ್ನು ಬೇರೆ ಇಟ್ಟಿದ್ದಾರೆ. 1935ರ ಮೂರೂವರೆ ಆಣೆಯ ಚೀಟಿಯೊಂದಿದೆ, ಅದರ ಚಿತ್ರದಲ್ಲಿ ಒಂದು ಚಿಕ್ಕ ಗುರುತು. ಕಾಡಿನ ಚಿತ್ರದ ಇನ್ನೊಂದರಲ್ಲಿ ಮರಗಳೆಲ್ಲ ನೀಲಿ. ಬಿಡಿಸದೆ ಒಟ್ಟಿಗಿರುವ ಒಂದು ಜೋಡಿ ಚೀಟಿಗಳ ನಡುವೆ, ಹರಿಯಲು ಇರಬೇಕಾದ ತೂತುಗಳೇ ಇಲ್ಲ. ಹೂವಿನ ಚೀಟಿಯೊಂದರಲ್ಲಿ ಕೆಂಪು ಬಣ್ಣ ಪಕ್ಕಕ್ಕೆ ಸರಿದಿದೆ. ಪರಿಚಯದವರೊಬ್ಬರು ಇವಕ್ಕೆಲ್ಲ ಲಕ್ಷಗಟ್ಟಲೆ ಬರುತ್ತೆ ಅಂದರು. ನಿಜವಾ? ಗೊತ್ತಾಗುವುದು ಹೇಗೆ?
ಓದುಗರು, ಶಿವಮೊಗ್ಗ

ಉತ್ತರ: ಮೊದಲು ಆ ಜೋಡಿಯ ವಿಷಯ. ಅದನ್ನು ಕತ್ತರಿಸಬೇಡಿ, ಮಡಿಸಬೇಡಿ, ಕಾಗದಕ್ಕೆ ಅಂಟಿಕೊಂಡಿದ್ದರೂ ನೀರಿಗೆ ಹಾಕಬೇಡಿ. ಕೈಯಲ್ಲಿ ಮುಟ್ಟದೆ ಚಿಮುಟದಲ್ಲಿ ಎತ್ತಿ ಒಂದು ಒಣ ಕವರಿಗೆ ಹಾಕಿಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ತಂದೆ ನಾಲ್ಕನ್ನೂ ಒಂದೇ ಕವರಿಗೆ ಹಾಕಿದ್ದಾರೆ. ಆದರೆ ಈ ನಾಲ್ಕೂ ನಾಲ್ಕು ಜಾತಿಯವು. ನಾನು ಯಾವ ವಿಚಿತ್ರ ಚೀಟಿ ಸಿಕ್ಕಿದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಪ್ರೆಸ್ಸಿನ ಒಳಗೆ ಆದದ್ದೋ, ಹೊರಗೆ ಬಂದ ಮೇಲೆ ಆದದ್ದೋ? ಒಳಗೆ ಆದದ್ದಾದರೆ, ಒಂದೇ ಹಾಳೆಯಲ್ಲಿ ಒಂದು ಸಲ ಆದದ್ದೋ, ಹಾಳೆ ಹಾಳೆಗೂ ಅದೇ ಜಾಗದಲ್ಲಿ ಮರುಕಳಿಸಿದ್ದೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಚೀಟಿಯ ಜಾತಿ ಗೊತ್ತಾದ ಹಾಗೆ. ಬೆಲೆಯ ಮಾತು ಅದರ ನಂತರದ್ದು.

ಮೂರೂವರೆ ಆಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಅಲ್ಲೇ. 1935ರಲ್ಲಿ ಐದನೇ ಜಾರ್ಜ್ ದೊರೆಯ ಆಳ್ವಿಕೆಗೆ ಇಪ್ಪತ್ತೈದು ತುಂಬಿದಾಗ ಭಾರತದಲ್ಲಿ ಏಳು ಚೀಟಿಗಳ ಸೆಟ್ ಬಂತು. ಅಚ್ಚಾದದ್ದು ನಾಸಿಕದ ಸೆಕ್ಯೂರಿಟಿ ಪ್ರೆಸ್ಸಿನಲ್ಲಿ. ಒಂದೊಂದರಲ್ಲೂ ದೊರೆಯ ಮುಖದ ಜೊತೆ ಒಂದು ಕಟ್ಟಡ. ಒಂದರಲ್ಲಿ ರಾಮೇಶ್ವರದ ದೇವಸ್ಥಾನ, ಒಂದರಲ್ಲಿ ತಾಜ್ ಮಹಲ್. ಮೂರೂವರೆ ಆಣೆಯದರಲ್ಲಿ ಅಮೃತಸರದ ಸ್ವರ್ಣಮಂದಿರ. ಚಿತ್ರ ಕಪ್ಪು, ಚೌಕಟ್ಟು ನೀಲಿ. ಈ ಚೀಟಿಯಲ್ಲಿ ಒಂದು ಹೆಸರುವಾಸಿ ದೋಷ ಇದೆ. ಹಕ್ಕಿಯೊಂದು ಹಾರುತ್ತಿರುವ ಹಾಗೆ ಕಾಣುವ ಪುಟ್ಟ ಗುರುತು. ಸಂಗ್ರಾಹಕರು ಅದನ್ನು ‘ಬರ್ಡ್’ ಅಂತಲೇ ಕರೆಯುತ್ತಾರೆ. ಚೀಟಿಗಳನ್ನೂ ಅವುಗಳ ಬೆಲೆಯನ್ನೂ ಪಟ್ಟಿ ಮಾಡುವ ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನಲ್ಲಿ ಅದಕ್ಕೆ ಬೇರೆ ಸಾಲೇ ಇದೆ.

ಚಿತ್ರ ಬರೆದವರು ಹಕ್ಕಿ ಬರೆದಿರಲಿಲ್ಲ. ಅಚ್ಚಿನ ಪ್ಲೇಟಿನಲ್ಲಿ ಒಂದು ಕಡೆ ಬೇಡದ ಗುರುತು ಉಳಿದುಕೊಂಡಿತು, ಅಷ್ಟೇ. ಆದರೆ ಪ್ಲೇಟಿನ ಮೇಲೆ ಕೂತದ್ದು ಒಂದು ಹಾಳೆಗೆ ಮುಗಿಯುವುದಿಲ್ಲ. ಆ ಪ್ಲೇಟಿನಿಂದ ಎಷ್ಟು ಹಾಳೆ ಬಂದವೋ ಅಷ್ಟರಲ್ಲೂ, ಅದೇ ಸಾಲಿನ ಅದೇ ಚೀಟಿಯಲ್ಲಿ, ಅದೇ ಹಕ್ಕಿ. ಹೀಗೆ ಮರುಕಳಿಸುವುದನ್ನು ಪ್ಲೇಟ್ ವೆರೈಟಿ ಅನ್ನುತ್ತಾರೆ. ಇದು ‘ಎರರ್’ ಅಲ್ಲ, ಹಾಗನ್ನಲು ಅಚ್ಚಿನ ಒಂದು ಹಂತವೇ ತಪ್ಪಿರಬೇಕು. ಆದರೂ ನನಗೆ ಇದೇ ಜಾಸ್ತಿ ಇಷ್ಟ. ಎರರ್ ಕೊಳ್ಳಲು ದುಡ್ಡು ಬೇಕು. ವೆರೈಟಿ ಹುಡುಕಲು ಕಣ್ಣು, ತಾಳ್ಮೆ ಇದ್ದರೆ ಸಾಕು. ಬೇರೆಯವರು ಮಾಮೂಲಿ ಅಂತ ಪಕ್ಕಕ್ಕಿಟ್ಟ ರಾಶಿಯಲ್ಲೇ ಸಿಗುತ್ತದೆ.

ನಿಮ್ಮ ಚೀಟಿಯಲ್ಲಿರುವುದು ಆ ಹಕ್ಕಿಯೇ ಅಂತ ನೋಡದೆ ಹೇಳಲಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತನ್ನಿ. ಕಿಟಕಿಯ ಬೆಳಕಿನಲ್ಲಿ ಚೀಟಿಯನ್ನು ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಗುರುತಿನ ಶಾಯಿಯನ್ನು ಪಕ್ಕದ ಚಿತ್ರದ ಶಾಯಿಯ ಜೊತೆ ಹೋಲಿಸಿ. ಎರಡರ ಹೊಳಪೂ ಒಂದೇ ಇರಬೇಕು. ಪೆನ್ನಿನಲ್ಲಿ ಇಟ್ಟ ಚುಕ್ಕೆಯಾದರೆ ಅಂಚು ಕಾಗದದ ಎಳೆಗಳುದ್ದಕ್ಕೂ ಹಬ್ಬಿರುತ್ತದೆ, ಬಟ್ಟೆಯ ಮೇಲೆ ಬಿದ್ದ ಸಾರಿನ ಹನಿ ಹಬ್ಬುವ ಹಾಗೆ. ಆಮೇಲೆ ಕ್ಯಾಟಲಾಗಿನ ಚಿತ್ರದ ಪಕ್ಕ ಇಟ್ಟು ಗುರುತಿನ ಜಾಗ, ಆಕಾರ ಎರಡನ್ನೂ ನೋಡಿ. ಜಾಗ ಕೂದಲೆಳೆಯಷ್ಟು ತಪ್ಪಿದರೂ ಅದು ಬೇರೆ ಏನೋ ಕಲೆ. ಪ್ಲೇಟಿನ ದೋಷ ಜಾಗ ಬದಲಿಸುವುದಿಲ್ಲ.

ಈಗ ನೀಲಿ ಮರಗಳು. ಇದನ್ನು ಹೇಳಲು ಬೇಜಾರು, ಆದರೆ ಹೇಳಬೇಕು. ಇದು ಬಹುತೇಕ ಬಿಸಿಲಿನ ಕೆಲಸ. ಹಸಿರು ಬಣ್ಣ ಅನೇಕ ಸಲ ಹಳದಿ ಮತ್ತು ನೀಲಿ ಒಂದರ ಮೇಲೊಂದು ಕೂತು ಆಗುವುದು. ಬೆಳಕಿಗೆ ಹಳದಿ ಬೇಗ ಸೋಲುತ್ತದೆ. ವರ್ಷಗಟ್ಟಲೆ ಬೆಳಕು ಬಿದ್ದರೆ ಹಳದಿ ಹಾರಿಹೋಗಿ ನೀಲಿ ಉಳಿಯುತ್ತದೆ. ರಾಸಾಯನಿಕ ತಗುಲಿದರೂ ಹೀಗೆ ಆಗುವುದುಂಟು. ಇದಕ್ಕೆ ವಿರುದ್ಧದ್ದೂ ಇದೆ. ಸೀಸ ಇರುವ ಹಳೇ ಕಿತ್ತಳೆ ಬಣ್ಣದ ಶಾಯಿ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಕಂದುಗಟ್ಟಿ, ಕಪ್ಪಿಗೇ ತಿರುಗುತ್ತದೆ. ನೋಡಿದವರು ಹೊಸ ಬಣ್ಣ ಸಿಕ್ಕಿತು ಅಂದುಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಅದೇ ಚೀಟಿಯಲ್ಲಿ ಬೇರೆ ಎಲ್ಲಾದರೂ ಹಳದಿ ಇರಬೇಕಿತ್ತಾ ನೋಡಿ. ಹೂವೋ, ಬಿಸಿಲಿನ ಬೆಳಕೋ, ಏನಾದರೂ. ಭೂತಗನ್ನಡಿಯಲ್ಲಿ ಹಳದಿಯ ಒಂದೇ ಒಂದು ಚುಕ್ಕಿ ಕಂಡರೂ ‘ಬಣ್ಣ ಬಿಟ್ಟುಹೋದ ಎರರ್’ ಅನ್ನುವ ಹಾಗಿಲ್ಲ. ಹಳದಿ ಪೂರ್ತಿ ಇಲ್ಲದಿರಬೇಕು. ಅಷ್ಟೂ ಸಾಲದು. ಕಾಗದದ ಬಿಳುಪು ಹೇಗಿದೆ, ಉಳಿದ ಬಣ್ಣಗಳು ಗಟ್ಟಿಯಾಗಿವೆಯಾ ಅಂತಲೂ ನೋಡಬೇಕು. ಪ್ರೆಸ್ಸಿನಲ್ಲಿ ಹಳದಿ ತಪ್ಪಿದ್ದರೆ ನೀಲಿ, ಕೆಂಪು ಎರಡೂ ಹೊಸದರ ಹಾಗೆ ಇರುತ್ತವೆ. ಬಿಸಿಲು ತಿಂದಿದ್ದರೆ ಅವೂ ಸ್ವಲ್ಪ ಸೊರಗಿರುತ್ತವೆ.

ನಿಜವಾದ ಬಣ್ಣದ ಎರರ್ ಹೇಗೆ ಆಗುತ್ತದೆ ಅನ್ನುವುದಕ್ಕೆ ಸ್ವೀಡನ್ನಿನ ಒಂದು ಚೀಟಿಯ ಕಥೆ ಹೇಳಲೇಬೇಕು. 1855ರಲ್ಲಿ ಅಲ್ಲಿ ಮೂರು ಸ್ಕಿಲ್ಲಿಂಗಿನ ಚೀಟಿ ನೀಲಿಹಸಿರು, ಎಂಟು ಸ್ಕಿಲ್ಲಿಂಗಿನದು ಹಳದಿ. ಆಗ ಒಂದೊಂದು ಚೀಟಿಗೂ ಒಂದೊಂದು ಲೋಹದ ಅಚ್ಚು. ಅವನ್ನೆಲ್ಲ ಸಾಲಾಗಿ ಜೋಡಿಸಿ ಒಂದು ಹಾಳೆ ಅಚ್ಚು ಹಾಕುತ್ತಿದ್ದರು. ಎಂಟರ ಜೋಡಣೆಯಲ್ಲಿ ಒಂದು ಅಚ್ಚು ಬದಲಿಸುವಾಗ ಕೈತಪ್ಪಿ ಮೂರರ ಅಚ್ಚು ಕೂತಿತು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಹಳದಿ ಶಾಯಿ ಬಳಿದರು, ಮೂರರ ಚೀಟಿ ಹಳದಿಯಾಗಿ ಬಂತು. 1880ರ ದಶಕದಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬ ಅಜ್ಜಿ ಮನೆಯ ಹಳೇ ಕಾಗದಗಳಲ್ಲಿ ಅದನ್ನು ಕಂಡು ಏಳು ಕ್ರೋನರಿಗೆ ಮಾರಿದ. ಇವತ್ತಿಗೂ ಅದರ ಜೊತೆಗಾರ ಎಲ್ಲೂ ಸಿಕ್ಕಿಲ್ಲ. ಅಲ್ಲಿ ಬಣ್ಣ ಮಾಸಿರಲಿಲ್ಲ, ಬಣ್ಣವೇ ಬೇರೆ ಆಗಿತ್ತು. ವ್ಯತ್ಯಾಸ ಅಲ್ಲಿದೆ.

ನಿಮ್ಮ ನೀಲಿ ಮರದ ಚೀಟಿಯನ್ನು ಎಸೆಯಬೇಡಿ. ಅದರ ಪಕ್ಕ ಒಂದು ಮಾಮೂಲಿ ಹಸಿರಿನದನ್ನು ತಂದಿಟ್ಟುಕೊಳ್ಳಿ. ಮುಂದೆ ಯಾರಾದರೂ ‘ಬಣ್ಣದ ಎರರ್’ ಅಂತ ಮಾರಲು ಬಂದಾಗ ಕಣ್ಣಿಗೆ ಅಭ್ಯಾಸ ಆಗಿರುತ್ತದೆ.

ಹೂವಿನ ಚೀಟಿಯದು ಬೇಗ ಮುಗಿಯುವ ವಿಷಯ. ಹಲವು ಬಣ್ಣದ ಚೀಟಿಗೆ ಒಂದೊಂದು ಬಣ್ಣವೂ ಬೇರೆ ಬೇರೆಯಾಗಿ ಬೀಳಬೇಕು. ಕಾಗದ ಒಂದಿಷ್ಟು ಜಗ್ಗಿದರೆ, ಹಾಳೆ ಕೊಂಚ ಓರೆಯಾದರೆ ಕೆಂಪು ತನ್ನ ಗೆರೆ ಬಿಟ್ಟು ಆಚೆ ಕೂರುತ್ತದೆ. ಇದು ಪ್ರೆಸ್ಸಿನಲ್ಲೇ ಆದದ್ದು, ಸಂಶಯವಿಲ್ಲ. ಆದರೆ ಒಂದು ಹಾಳೆಯಲ್ಲಿ ಆದಷ್ಟೇ ಇನ್ನೊಂದರಲ್ಲಿ ಆಗುವುದಿಲ್ಲ. ಒಂದರಲ್ಲಿ ಅರ್ಧ ಮಿಲಿಮೀಟರ್, ಮುಂದಿನದರಲ್ಲಿ ಒಂದು, ಆಮೇಲೆ ಸರಿಯಾಗುತ್ತದೆ. ಇಂಥವನ್ನು ‘ಫ್ರೀಕ್’ ಅನ್ನುತ್ತಾರೆ. ತೂತಿನ ಸಾಲು ಜಾರಿ ಅಕ್ಷರಗಳ ಮೇಲೆ ಬೀಳುವುದೂ, ಶಾಯಿ ಚೆಲ್ಲಿ ಕಲೆಯಾಗುವುದೂ ಇದೇ ಗುಂಪು. ನೋಡಲು ಚೆನ್ನ, ಪ್ರದರ್ಶನದ ಹಾಳೆಯಲ್ಲಿ ಮುದ್ರಣದ ಕಥೆ ಹೇಳಲು ಬಹಳ ಉಪಯೋಗ. ಲಕ್ಷದ ಮಾತು ಬಿಡಿ, ಇಂಥದಕ್ಕೆ ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಬೆಲೆಯನ್ನೇ ಹಾಕಿರುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ತಂದೆಯವರ ಆಲ್ಬಮ್ಮಿನಲ್ಲಿ ಈ ಚೀಟಿಯೂ ಇರುವುದು ಖಂಡಿತ. 1949ರ ಆಗಸ್ಟಿನಲ್ಲಿ ಸ್ವತಂತ್ರ ಭಾರತದ ಮೊದಲ ದಿನಬಳಕೆಯ ಸೆಟ್ ಬಂತು. ಅಜಂತಾ, ಕೊನಾರ್ಕ, ಸಾಂಚಿಯ ಚಿತ್ರಗಳು. ಅದರಲ್ಲಿ ಒಂದಾಣೆಯ ಬೋಧಿಸತ್ವ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲಾಗಿ ಅಚ್ಚಾಗಿತ್ತು. 1950ರಲ್ಲಿ ಸರಿ ಮಾಡಿ ಮತ್ತೆ ತಂದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಚಾಚಿದ ಕೈ ಬೇರೆ ಬೇರೆ ಕಡೆ. ತಪ್ಪು ದೊಡ್ಡದೇ. ಆದರೆ ತಪ್ಪಿದ್ದು ಪ್ರೆಸ್ಸಲ್ಲ, ಚಿತ್ರ. ಅಚ್ಚಾದ ಪ್ರತಿ ಚೀಟಿಯೂ ಹಾಗೇ ಇತ್ತು, ಹಾಗಾಗಿ ಅಪರೂಪದ್ದಲ್ಲ. ‘ಬುದ್ಧನ ತಪ್ಪು ಚೀಟಿ, ಬಹಳ ರೇರ್’ ಅಂತ ಯಾರಾದರೂ ದೊಡ್ಡ ಬೆಲೆ ಹೇಳಿದರೆ ನಂಬಬೇಡಿ.

ಇನ್ನು ನಿಮ್ಮ ಜೋಡಿ. ತೂತಿನ ಯಂತ್ರದ ಕೆಲಸ ಸ್ವಲ್ಪ ಹೇಳಿದರೆ ಮುಂದಿನದು ಸಲೀಸು. ಒಂದು ಬಗೆಯ ಯಂತ್ರ ಒಂದು ಸಲಕ್ಕೆ ಒಂದು ಉದ್ದ ಗೆರೆ ಚುಚ್ಚುತ್ತದೆ. ಇನ್ನೊಂದು ಬಾಚಣಿಗೆಯ ಹಾಗೆ, ಒಂದೇ ಏಟಿಗೆ ಒಂದು ಸಾಲಿನ ಚೀಟಿಗಳ ಮೂರು ಬದಿ. ಆಮೇಲೆ ಹಾಳೆ ಮುಂದೆ ಸರಿದು ಮುಂದಿನ ಏಟು. ಒಂದು ಏಟು ತಪ್ಪಿದರೆ, ಇಲ್ಲವೇ ಹಾಳೆಯ ಮೂಲೆ ಮಡಿಚಿಕೊಂಡಿದ್ದರೆ, ಆ ಜಾಗದಲ್ಲಿ ತೂತೇ ಬೀಳುವುದಿಲ್ಲ. ಇದು ನಿಜವಾದ ಎರರ್. ಅಚ್ಚಿನ ಒಂದು ಹಂತವೇ ಆಗಿಲ್ಲ.

ಆದರೆ ಸುಳ್ಳು ಜಾಸ್ತಿ ಇರುವುದೂ ಇಲ್ಲೇ. ಕಾಲೇಜಿನ ದಿನಗಳಲ್ಲಿ ನಾನು ಎರಡು ತಿಂಗಳ ಊಟದ ದುಡ್ಡು ಉಳಿಸಿ ಒಬ್ಬ ವ್ಯಾಪಾರಿಯ ಹತ್ತಿರ ‘ತೂತಿಲ್ಲದ’ ಬಿಡಿ ಚೀಟಿಯೊಂದನ್ನು ಕೊಂಡೆ. ನಾಲ್ಕೂ ಅಂಚು ನುಣ್ಣಗೆ. ಮನೆಗೆ ಬಂದು ಮಾಮೂಲಿ ಚೀಟಿಯ ಮೇಲೆ ಇಟ್ಟು ನೋಡಿದೆ. ನನ್ನದು ಎಲ್ಲ ಬದಿಯಲ್ಲೂ ಒಂದು ಮಿಲಿಮೀಟರಿನಷ್ಟು ಚಿಕ್ಕದಿತ್ತು. ತೂತಿನ ಹಲ್ಲುಗಳನ್ನು ಬ್ಲೇಡಿನಲ್ಲಿ ಸವರಿ ತೆಗೆದಿದ್ದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಹೊಸ ಹುಡುಗರು ಬಂದಾಗ ಮೊದಲು ಅದನ್ನೇ ತೋರಿಸುತ್ತೇನೆ.

ಅದಕ್ಕೇ ತೂತಿಲ್ಲದವನ್ನು ಜೋಡಿಯಾಗಿ ಕೊಳ್ಳಬೇಕು ಅನ್ನುವುದು. ಬಿಡಿ ಚೀಟಿಯ ಹಲ್ಲು ಸವರಬಹುದು, ಜೋಡಿಯ ನಡುವೆ ಸವರಲು ಆಗುವುದಿಲ್ಲ. ನಿಮ್ಮದು ಜೋಡಿ ಅಂದಾಗ ನನಗೆ ಆಸೆ ಹುಟ್ಟಿದ್ದು ಅದರಿಂದಲೇ.

ಈಗ ಅದನ್ನು ಹೀಗೆ ನೋಡಿ. ಮೇಜಿನ ದೀಪ ಹಚ್ಚಿ, ಬೇರೆ ಲೈಟು ಆರಿಸಿ. ಚೀಟಿಯನ್ನು ಮಗುಚಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಎರಡು ಚೀಟಿಗಳ ನಡುವೆ ಸಣ್ಣ ಸಣ್ಣ ಗುಂಡಗಿನ ಒತ್ತು ಕಾಣುತ್ತಾ? ಕಂಡರೆ ಸೂಜಿ ಬಿದ್ದಿದೆ, ಕಾಗದ ತುಂಡಾಗಿಲ್ಲ ಅಷ್ಟೇ. ಇದಕ್ಕೆ ಬ್ಲೈಂಡ್ ಪರ್ಫ್ ಅನ್ನುತ್ತಾರೆ. ಇದು ಎರರ್ ಅಲ್ಲ, ಬೆಲೆಯೂ ಅಷ್ಟಕ್ಕಷ್ಟೇ. ಒಂದೇ ಒಂದು ಒತ್ತು ಸಿಕ್ಕರೂ ಇದೇ ಲೆಕ್ಕ. ಒತ್ತು ಏನೂ ಇಲ್ಲ, ಕಾಗದ ನಯವಾಗಿದೆ ಅಂದರೆ ಮುಂದಿನ ಹೆಜ್ಜೆ. ಹಳೇ ತೂತುಗಳನ್ನು ಕಾಗದದ ತಿರುಳು ತುಂಬಿ ಮುಚ್ಚಿ, ಮೇಲೆ ಹೊಸ ಗೋಂದು ಬಳಿದ ಜೋಡಿಗಳೂ ಇವೆ. ಚೀಟಿಯನ್ನು ದೀಪದ ಎದುರು ಹಿಡಿದಾಗ ತುಂಬಿದ ಜಾಗ ಸುತ್ತಲಿನ ಕಾಗದಕ್ಕಿಂತ ತೆಳ್ಳಗೋ ದಪ್ಪಗೋ ಕಾಣುತ್ತದೆ. ಕೊನೆಗೆ ಉಳಿದ ಬದಿಗಳ ತೂತಿನ ಅಳತೆ. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಅನ್ನುವುದೇ ಲೆಕ್ಕ. ಹದಿನಾಲ್ಕು ಇದ್ದರೆ ‘ಪರ್ಫ್ 14’. ಮಾಮೂಲಿ ಚೀಟಿಯದೂ ನಿಮ್ಮದೂ ಒಂದೇ ಬರಬೇಕು.

ಇದೆಲ್ಲ ದಾಟಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ಅಂಚೆ ಕಚೇರಿಯ ಕಿಂಡಿಯಿಂದ ಬಂದದ್ದೋ, ಪ್ರೆಸ್ಸಿನ ಕಸದಿಂದ ಬಂದದ್ದೋ? ಕೆಟ್ಟ ಹಾಳೆಗಳನ್ನು ಪ್ರೆಸ್ಸಿನಲ್ಲೇ ನಾಶ ಮಾಡಬೇಕು. ಅದು ಕದ್ದು ಹೊರಬಿದ್ದರೆ ಅದಕ್ಕೆ ಎರರ್‌ನ ಮರ್ಯಾದೆ ಇಲ್ಲ. ಗೋಂದೇ ಇಲ್ಲದ, ಬಣ್ಣ ಅರ್ಧ ಬಿದ್ದ, ನಾಲ್ಕೂ ಕಡೆ ತೂತಿಲ್ಲದ ದೊಡ್ಡ ಹಾಳೆಗಳು ಒಟ್ಟೊಟ್ಟಿಗೆ ಮಾರಾಟಕ್ಕೆ ಬಂದರೆ ನನಗೆ ಅನುಮಾನ ಬರುವುದು ಇದಕ್ಕೇ. ಅಂಚೆ ಮುದ್ರೆ ಬಿದ್ದ ಚೀಟಿಗೆ ಈ ಅನುಮಾನ ಕಡಿಮೆ, ಯಾರೋ ದುಡ್ಡು ಕೊಟ್ಟು ಕೊಂಡು ಅಂಟಿಸಿ ಕಳಿಸಿದ್ದಾರೆ.

ನಮ್ಮ ದೇಶದ ಅತಿ ದೊಡ್ಡ ಎರರ್ ಹಾಗೇ ಅಂಚೆಯಲ್ಲಿ ಓಡಾಡಿದ್ದು. 1854ರಲ್ಲಿ ಕಲ್ಕತ್ತದ ಸರ್ವೇಯರ್ ಜನರಲ್ ಕಚೇರಿಯಲ್ಲಿ, ನಕ್ಷೆ ಅಚ್ಚು ಹಾಕುವ ಕಲ್ಲಿನ ಮೇಲೆ, ನಾಲ್ಕಾಣೆಯ ಚೀಟಿ ಅಚ್ಚಾಯಿತು. ಕ್ಯಾಪ್ಟನ್ ತ್ವಿಲಿಯರ್ ಅದರ ಉಸ್ತುವಾರಿ. ಕೆಂಪು ಚೌಕಟ್ಟು, ಒಳಗೆ ವಿಕ್ಟೋರಿಯಾ ರಾಣಿಯ ನೀಲಿ ತಲೆ. ಜಗತ್ತಿನ ಮೊದಲ ಬಹುಬಣ್ಣದ ಚೀಟಿಗಳಲ್ಲಿ ಇದೂ ಒಂದು. ಎರಡು ಬಣ್ಣ ಅಂದರೆ ಹಾಳೆ ಎರಡು ಸಲ ಕಲ್ಲಿನ ಮೇಲೆ ಹೋಗಬೇಕು. ಎರಡನೇ ಸಲ ಹಾಳೆ ತಿರುಗಿ ಹೋದರೆ ರಾಣಿ ತಲೆಕೆಳಗು. ಹಾಗೇ ಆಯಿತು, ಹೊರಗೂ ಹೋಯಿತು, ಜನ ಅಂಟಿಸಿ ಕಾಗದ ಕಳಿಸಿದರು. ಇವತ್ತು ಗೊತ್ತಿರುವುದು ಸುಮಾರು ಮೂವತ್ತು ಪ್ರತಿ. ಎಲ್ಲವೂ ಬಳಸಿದವು. ಹೆಚ್ಚಿನವನ್ನು ಚೌಕಟ್ಟಿನ ಆಕಾರಕ್ಕೆ ಎಂಟು ಮೂಲೆಯಾಗಿ ಕತ್ತರಿಸಿಬಿಟ್ಟಿದ್ದಾರೆ. ಆಗ ಚೀಟಿಗಳಿಗೆ ತೂತಿರಲಿಲ್ಲ, ಕತ್ತರಿಯಲ್ಲೇ ಬಿಡಿಸಬೇಕಿತ್ತು. ಯಾರೋ ಗುಮಾಸ್ತ ಅಂದವಾಗಿರಲಿ ಅಂತ ಮೂಲೆ ಕತ್ತರಿಸಿದ್ದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಅಮೆರಿಕದ ತಲೆಕೆಳಗಾದ ‘ಜೆನ್ನಿ’ ವಿಮಾನದ ಚೀಟಿಯೂ ಇದೇ ಕಾರಣಕ್ಕೆ ಆದದ್ದು. 1918ರ ಮೇ 14ರಂದು ವಾಷಿಂಗ್ಟನ್ನಿನಲ್ಲಿ ವಿಲಿಯಂ ರೋಬಿ ಅನ್ನುವವರು 24 ಸೆಂಟಿನ ನೂರು ಚೀಟಿಯ ಹಾಳೆ ಕೊಂಡರು, ನೂರರಲ್ಲೂ ವಿಮಾನ ತಲೆಕೆಳಗು. ಅವರಿಗೆ ಆಗ ಸಿಕ್ಕಿದ್ದು 15,000 ಡಾಲರ್. 2023ರಲ್ಲಿ ಅದರ ಒಂದೇ ಒಂದು ಚೀಟಿ 20 ಲಕ್ಷ ಡಾಲರ್ ದಾಟಿತು.

ಆದರೆ ಎರರ್ ಅಂದ ಮಾತ್ರಕ್ಕೆ ಬೆಲೆ ಬಂದುಬಿಡುವುದಿಲ್ಲ ಅನ್ನುವುದಕ್ಕೂ ಅಮೆರಿಕದಲ್ಲೇ ಉದಾಹರಣೆ ಇದೆ. 1962ರಲ್ಲಿ, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಶೋಲ್ಡ್ ನೆನಪಿನ ನಾಲ್ಕು ಸೆಂಟಿನ ಚೀಟಿಯಲ್ಲಿ ಹಳದಿ ಬಣ್ಣ ತಲೆಕೆಳಗಾಗಿ ಬಿತ್ತು. ನ್ಯೂಜೆರ್ಸಿಯ ಆಭರಣ ವ್ಯಾಪಾರಿ ಲಿಯೊನಾರ್ಡ್ ಶೆರ್ಮನ್ ಕೈಗೆ ಐವತ್ತರ ಹಾಳೆ ಸಿಕ್ಕಿತು. ಸುದ್ದಿಯಾಯಿತು. ಅಂಚೆ ಇಲಾಖೆಯ ಮುಖ್ಯಸ್ಥ ಎಡ್ವರ್ಡ್ ಡೇ ಅದೇ ತಪ್ಪನ್ನು ಬೇಕೆಂದೇ ಮತ್ತೆ ಅಚ್ಚು ಹಾಕಿಸಿದರು, ನಾಲ್ಕು ಕೋಟಿ. ಶೆರ್ಮನ್ ಅವರ ಸಂಪತ್ತು ರಾತ್ರೋರಾತ್ರಿ ನಾಲ್ಕು ಸೆಂಟಿನ ಚೀಟಿಯಾಯಿತು. ನನಗೆ ಡೇ ಮಾಡಿದ್ದು ಇವತ್ತಿಗೂ ಸರಿ ಕಾಣುವುದಿಲ್ಲ. ತಪ್ಪು ತಾನಾಗಿ ಆಗಬೇಕು, ಮಾಡಿಸಬಾರದು.

ಬೆಲೆಯ ಮಾತು ಕೇಳಿದ್ದೀರಿ. ಮಾರುವುದಾದರೆ ಈಗಲೇ ಬೇಡ. ಆ ಪರಿಚಯದವರು ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಪತ್ರಿಕೆಯಲ್ಲಿ ಬರುವುದು ಜೆನ್ನಿಯ ಬೆಲೆ ಮಾತ್ರ. ಇತ್ತೀಚಿನ ದಶಕಗಳ ಭಾರತದ ತೂತಿಲ್ಲದ ಜೋಡಿಗಳು ಒಳ್ಳೆಯ ಬೆಲೆಗೆ ಹೋಗುವುದುಂಟು, ಆದರೆ ಯಾವ ಚೀಟಿ, ಎಷ್ಟು ಉಳಿದಿವೆ, ಗೋಂದು ಹೇಗಿದೆ ಅನ್ನುವುದರ ಮೇಲೆ ಅಜಗಜಾಂತರ. ಬೆಂಗಳೂರಿನ ಜಿಪಿಒದಲ್ಲಿ, ಅಂದರೆ ಪ್ರಧಾನ ಅಂಚೆ ಕಚೇರಿಯಲ್ಲಿ, ಚೀಟಿ ಸಂಗ್ರಾಹಕರಿಗಾಗಿ ಫಿಲಾಟೆಲಿಕ್ ಬ್ಯೂರೊ ಇದೆ, ಅಲ್ಲಿ ಹೊಸ ಚೀಟಿ ಸಿಗುತ್ತದೆ. ಹಳೆಯದಕ್ಕೆ ಬೆಲೆ ಕಟ್ಟಿಸಲು ಅಲ್ಲಿಗೆ ಹೋಗಬೇಡಿ, ಅದು ಅವರ ಕೆಲಸವಲ್ಲ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂಥ ಸಂಘದ ಹಿರಿಯರಿಗೆ ತೋರಿಸಿ. ಕರ್ನಾಪೆಕ್ಸ್ ಪ್ರದರ್ಶನ ನಡೆದಾಗ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಅಲ್ಲಿ ಇಂಥವನ್ನೇ ಜೀವನವಿಡೀ ನೋಡಿದವರು ಸಿಗುತ್ತಾರೆ. ಜೋಡಿ ನಿಜ ಅಂತ ಅವರಿಗೂ ಅನಿಸಿದರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಂಥ ಕಡೆಯಿಂದ ಸರ್ಟಿಫಿಕೇಟ್ ಮಾಡಿಸಬಹುದು. ಅದಕ್ಕೆ ಖರ್ಚಿದೆ, ಹಾಗಾಗಿ ಮೊದಲು ಇಲ್ಲಿನವರು ನೋಡಲಿ.

ಇನ್ನೊಂದು ಕೆಲಸ ಮಾಡಿ. ನಿಮ್ಮ ತಂದೆ ಬರೆದ ಆ ಕವರು, ಆಲ್ಬಮ್ಮಿನ ಅಂಚಿನ ಟಿಪ್ಪಣಿ, ಹಳೇ ರಸೀದಿ ಯಾವುದನ್ನೂ ಬಿಸಾಡಬೇಡಿ. ಚೀಟಿ ಯಾವಾಗ, ಯಾವ ಊರಿನ ಅಂಚೆ ಕಚೇರಿಯಲ್ಲಿ ಸಿಕ್ಕಿತು ಅಂತ ಅವರು ಒಂದು ಸಾಲು ಬರೆದಿಟ್ಟಿದ್ದರೆ, ಕಿಂಡಿಯಿಂದ ಬಂದದ್ದು ಅನ್ನಲು ಅದಕ್ಕಿಂತ ದೊಡ್ಡ ಆಸರೆ ಇಲ್ಲ. ಆಲ್ಬಮ್ಮಿನ ಪುಟಗಳನ್ನು ಒಂದೊಂದಾಗಿ ಹುಡುಕಿ. ಜೋಡಿಯ ಹಿಂಬದಿಯನ್ನು ಓರೆ ಬೆಳಕಿನಲ್ಲಿ ತೆಗೆದ ಫೋಟೊ, ಮೂರೂವರೆ ಆಣೆಯ ಗುರುತಿನ ಹತ್ತಿರದ ಫೋಟೊ ಎರಡನ್ನೂ ನನಗೆ ಕಳಿಸಿ. ಹಕ್ಕಿ ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡಿ ತಿಳಿಸುತ್ತೇನೆ.